ಮೆಣಸಿನ ಸೊರಗು ರೋಗ: ಬೇರಿನ ಪ್ರೋಟೀನುಗಳು ಹೇಳುವುದೇನು?

ಆರಿದ್ರಾ ಮಳೆ ಹಿಡಿದ ಮೇಲೆ ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ಬೆಳೆಗಾರರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಒಂದೇ ತೋಟದಲ್ಲಿ, ಒಂದೇ ದಿನ, ಒಂದೇ ಔಷಧಿ ಕಂಡ ಎರಡು ಮೆಣಸಿನ ಬಳ್ಳಿಗಳಲ್ಲಿ ಒಂದು ಎರಡು ಮೂರು ವಾರಗಳಲ್ಲಿ ಎಲೆ ಉದುರಿಸಿ ಒಣಗುತ್ತದೆ, ಇನ್ನೊಂದು ಹಸಿರಾಗಿಯೇ ನಿಲ್ಲುತ್ತದೆ, ಇದೇಕೆ? ಉತ್ತರದ ಒಂದು ಪಾಲು ತಳಿಯಲ್ಲಿದೆ, ಇನ್ನೊಂದು ಪಾಲು ಮಣ್ಣಿನಲ್ಲಿದೆ. ಇವೆರಡೂ ಬಂದು ಕೂಡುವುದು, ರೋಗಾಣು ತಗುಲಿದ ಬೇರಿನ ಜೀವಕೋಶವು ತನಗೆ ಬೇಕಾದ ರಕ್ಷಣಾ ಪ್ರೋಟೀನುಗಳನ್ನು ಎಷ್ಟು ಬೇಗ ತಯಾರಿಸಿಕೊಳ್ಳಬಲ್ಲದು ಎಂಬಲ್ಲಿ.

ಶೀಘ್ರ ಸೊರಗು ರೋಗಕ್ಕೆ ಕಾರಣವಾದ ಫೈಟಾಪ್ತೊರಾ ಕ್ಯಾಪ್ಸಿಸಿಯನ್ನು ನಾವು ರೂಢಿಯಲ್ಲಿ ಶಿಲೀಂಧ್ರವೆಂದೇ ಕರೆಯುತ್ತೇವಾದರೂ ಅದು ನಿಜವಾದ ಶಿಲೀಂಧ್ರವಲ್ಲ. ವಂಶಾವಳಿಯಲ್ಲಿ ಅದು ಕಂದು ಪಾಚಿಗಳ ಬಳಗಕ್ಕೆ ಹತ್ತಿರ. ಅದರ ಕೋಶಭಿತ್ತಿಯಲ್ಲಿ ಗ್ಲೂಕಾನ್ ಮತ್ತು ಸೆಲ್ಯುಲೋಸ್ ಪ್ರಧಾನವಾಗಿದ್ದು, ಶಿಲೀಂಧ್ರಗಳಲ್ಲಿ ಸಾಮಾನ್ಯವಾದ ಕೈಟಿನ್ ಬಹಳ ಕಡಿಮೆ. ಅದರ ಚಲಿಸುವ ಬೀಜಾಣುಗಳು ಎರಡು ಕಶಾಂಗಗಳ ನೆರವಿನಿಂದ ಮಣ್ಣಿನ ನೀರಿನಲ್ಲಿ ಈಜಿ, ಬಳ್ಳಿಯ ಕೂದಲಿನಂಥ ಎಳೆಬೇರುಗಳನ್ನು ಮುಟ್ಟುತ್ತವೆ. ಎಲೆ ಹಳದಿಯಾಗುವುದು ಎಷ್ಟೋ ಆಮೇಲಿನ ಮಾತು. ಬುಡಕ್ಕೇ ಸೋಂಕು ತಗುಲಿದರೆ ಬಳ್ಳಿ ಬೇಗ ಕುಸಿಯುತ್ತದೆ. ಎಳೆಬೇರಿನಲ್ಲಷ್ಟೇ ಇದ್ದರೆ ಮಳೆಗಾಲವನ್ನು ಹೇಗೋ ದಾಟಿ, ಮಣ್ಣಿನ ತೇವ ಇಳಿಯುವ ಅಕ್ಟೋಬರ್, ನವೆಂಬರ್‌ನಲ್ಲಿ ಸೊರಗುತ್ತದೆ. ಅಂಥ ಬಳ್ಳಿಯ ಬೇರನ್ನು ತೊಳೆದು ಎರಡು ಬೆರಳುಗಳ ನಡುವೆ ಎಳೆದು ನೋಡಿ: ಕಪ್ಪಾದ ಹೊರಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ಬಿಳಿ ನಾರೊಂದೇ ಉಳಿಯುತ್ತದೆ.

ಬೇರು ಈ ಅತಿಥಿಯನ್ನು ಗುರುತಿಸುವುದು ಜೀವಕೋಶದ ಪೊರೆಯಲ್ಲಿ ನೆಲೆಸಿರುವ ಗ್ರಾಹಕ ಪ್ರೋಟೀನುಗಳ ಮೂಲಕ. ರೋಗಾಣುವಿನ ಭಿತ್ತಿಯಿಂದ ಬಿಡಿಸಿಕೊಂಡ ಗ್ಲೂಕಾನ್ ತುಣುಕುಗಳೋ, ಅದು ಸ್ರವಿಸುವ ಎಲಿಸಿಟಿನ್ ಎಂಬ ಚಿಕ್ಕ ಪ್ರೋಟೀನುಗಳೋ ಗ್ರಾಹಕಕ್ಕೆ ತಗುಲಿದ ಕೆಲವೇ ನಿಮಿಷಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಜೀವಕೋಶದೊಳಗೆ ನುಗ್ಗುತ್ತವೆ, ಪೊರೆಯ ಮೇಲಿನ ಆಕ್ಸಿಡೇಸ್ ಕಿಣ್ವವು ಸಕ್ರಿಯ ಆಮ್ಲಜನಕವನ್ನು ಉತ್ಪಾದಿಸುತ್ತದೆ, ಕೈನೇಸ್ ಎಂಬ ಕಿಣ್ವಗಳು ಒಂದರ ಮೇಲೊಂದಕ್ಕೆ ಫಾಸ್ಫೇಟ್ ಕೂಡಿಸುತ್ತ ಸುದ್ದಿಯನ್ನು ಕೋಶಕೇಂದ್ರಕ್ಕೆ ಮುಟ್ಟಿಸುತ್ತವೆ. ಈ ಹಂತದವರೆಗೆ ಹೊಸ ಪ್ರೋಟೀನು ತಯಾರಾಗಬೇಕಾಗಿಲ್ಲ. ಇರುವುದನ್ನೇ ಬದಲಿಸಿಕೊಂಡರೆ ಸಾಕು. ನಿಜವಾದ ಖರ್ಚು ಶುರುವಾಗುವುದು ಅನಂತರ, ವಂಶವಾಹಿಗಳು ಎಚ್ಚೆತ್ತು ಹೊಸ ಪ್ರೋಟೀನುಗಳ ತಯಾರಿಕೆಗೆ ಆಜ್ಞೆ ಹೊರಟಾಗ.

ಹಾಗೆ ತಯಾರಾಗುವವುಗಳಲ್ಲಿ ಮುಖ್ಯವಾದ ಗುಂಪಿಗೆ ರೋಗಸಂಬಂಧಿ ಪ್ರೋಟೀನುಗಳೆಂದು ಹೆಸರು. 1970ರಲ್ಲಿ ನಂಜುರೋಗ ತಗುಲಿದ ತಂಬಾಕಿನ ಎಲೆಗಳಲ್ಲಿ ಮೊದಲು ಕಂಡ ಇವುಗಳನ್ನು ಇಂದು 17ಕ್ಕೂ ಕಡಿಮೆಯಿಲ್ಲದ ಕುಟುಂಬಗಳಾಗಿ ವಿಂಗಡಿಸಲಾಗಿದೆ. ಇವುಗಳಲ್ಲಿ ಬೀಟಾ ಗ್ಲೂಕನೇಸ್ ರೋಗಾಣುವಿನ ಭಿತ್ತಿಯ ಗ್ಲೂಕಾನನ್ನು ಕತ್ತರಿಸುತ್ತದೆ, ಆಸ್ಮೋಟಿನ್ ಅದರ ಪೊರೆಯನ್ನು ಸೋರುವಂತೆ ಮಾಡುತ್ತದೆ, ಕೈಟಿನೇಸ್ ಕೈಟಿನನ್ನು ಒಡೆಯುತ್ತದೆ. ಫೈಟಾಪ್ತೊರಾದಲ್ಲಿ ಕೈಟಿನ್ ನಾಮಮಾತ್ರಕ್ಕಷ್ಟೇ ಇರುವುದರಿಂದ, ಗಿಡದಲ್ಲಿ ಕೈಟಿನೇಸ್ ಹೆಚ್ಚಿಸುತ್ತೇವೆಂದು ಕರಪತ್ರದಲ್ಲಿ ಬರೆದುಕೊಂಡು ಬರುವ ದ್ರಾವಣಗಳನ್ನು ಸೊರಗು ರೋಗಕ್ಕೆಂದು ಕೊಳ್ಳುವ ಮೊದಲು ಎರಡು ಬಾರಿ ಯೋಚಿಸುವುದು ಲೇಸು. ಇದರೊಂದಿಗೆ ಫೀನೈಲ್ ಅಲನೀನ್ ಅಮೋನಿಯಾ ಲೈಯೇಸ್, ಪೆರಾಕ್ಸಿಡೇಸ್ ಮೊದಲಾದ ಕಿಣ್ವಗಳು ಹೆಚ್ಚಿ, ಬೇರಿನ ಕೋಶಭಿತ್ತಿಗೆ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ಪದಾರ್ಥ) ತುಂಬಿ ಅದನ್ನು ಗಡುಸುಗೊಳಿಸುತ್ತವೆ.

ರೋಗಾಣುವೂ ಸುಮ್ಮನೆ ಕೂರುವುದಿಲ್ಲ. ಸೋಯಾ ಅವರೆಯ ಬೇರು ಕೊಳೆಸುವ ಫೈಟಾಪ್ತೊರಾ ಪ್ರಭೇದವು ಗಿಡದ ಗ್ಲೂಕನೇಸನ್ನೇ ಹಿಡಿದು ನಿಷ್ಕ್ರಿಯಗೊಳಿಸುವ ಪ್ರೋಟೀನನ್ನು ಸ್ರವಿಸುತ್ತದೆ. ಹೀಗಾಗಿ ಒಂದು ಬೇರಿನಲ್ಲಿ ರಕ್ಷಣಾ ಪ್ರೋಟೀನು ಇದೆಯೇ ಇಲ್ಲವೇ ಎಂದು ಕೇಳುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಬೇಗ ತುತ್ತಾಗುವ ತಳಿಯೂ ಬಹುಪಾಲು ಇವೇ ಪ್ರೋಟೀನುಗಳನ್ನು ತಯಾರಿಸುತ್ತದೆ. ಆದರೆ ಹೊತ್ತು ಮೀರಿ, ರೋಗಾಣು ಒಳನಾರನ್ನು ಸೇರಿದ ಮೇಲೆ ತಯಾರಿಸುತ್ತದೆ. ತಡೆದುಕೊಳ್ಳುವ ಗಿಡದಲ್ಲಿ ಅದೇ ಕೆಲಸ ಮೊದಲ ಕೆಲವು ಗಂಟೆಗಳಲ್ಲೇ ಭರದಿಂದ ನಡೆದಿರುತ್ತದೆ.

ಇದನ್ನು ಅಳೆಯುವುದು ಸಲೀಸಲ್ಲ. ಬೇರನ್ನು ಕಿತ್ತ ಕ್ಷಣದಿಂದ ಅದರ ಪ್ರೋಟೀನುಗಳು ಬದಲಾಗತೊಡಗುವುದರಿಂದ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕೂಡಲೇ ಹೆಪ್ಪುಗಟ್ಟಿಸಿ ಪುಡಿ ಮಾಡಬೇಕು. ಮೆಣಸು, ಕಾಫಿಯಂಥ ಗಿಡಗಳಲ್ಲಿ ಫೀನಾಲ್ ಪದಾರ್ಥಗಳು ಹೇರಳವಾಗಿದ್ದು, ಎಚ್ಚರ ತಪ್ಪಿದರೆ ಸಾರವೆಲ್ಲ ಕಂದುಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ಶುದ್ಧಗೊಳಿಸಿದ ಸಾರವನ್ನು ಜೆಲ್ ಮೇಲೆ ಮೊದಲು ವಿದ್ಯುದಂಶದ ಆಧಾರದಲ್ಲಿ, ಅನಂತರ ಗಾತ್ರದ ಆಧಾರದಲ್ಲಿ ಬೇರ್ಪಡಿಸಿದಾಗ ನೂರಾರು ನೀಲಿ ಚುಕ್ಕೆಗಳು ಮೂಡುತ್ತವೆ. ರೋಗದ ಬೇರಿನಲ್ಲಿ ದಪ್ಪಗಾದ ಚುಕ್ಕೆಯನ್ನು ಕತ್ತರಿಸಿ ತೆಗೆದು, ಮಾಸ್ ಸ್ಪೆಕ್ಟ್ರೋಮೀಟರ್ ಮೂಲಕ ಅದು ಯಾವ ಪ್ರೋಟೀನೆಂದು ಗುರುತಿಸಲಾಗುತ್ತದೆ. 2019ರಲ್ಲಿ ಕಾಳುಮೆಣಸಿನ ಜೀನೋಮ್, ಅಂದರೆ ಅದರ ವಂಶವಾಹಿಗಳ ಪೂರ್ಣ ನಕ್ಷೆ, ಪ್ರಕಟವಾದ ಮೇಲೆ ಈ ಗುರುತಿಸುವಿಕೆ ಎಷ್ಟೋ ಸುಲಭವಾಗಿದೆ.

ಬೆಳೆಗಾರರಿಗೆ ಇದರಿಂದಾಗುವ ಪ್ರಯೋಜನ ನೀರಿನ ವಿಷಯದಲ್ಲಿದೆ. ಪ್ರೋಟೀನಿಗೆ ಒಂದೊಂದು ಅಮೈನೋ ಆಮ್ಲ ಸೇರಿಸಲೂ ಜೀವಕೋಶವು ಕನಿಷ್ಠ ನಾಲ್ಕು ಎಟಿಪಿಗೆ (ಜೀವಕೋಶದ ಶಕ್ತಿಯ ನಾಣ್ಯದಂಥ ಅಣು) ಸಮನಾದ ಶಕ್ತಿ ವ್ಯಯಿಸಬೇಕು. ಗಾಳಿಯಾಡುವ ಮಣ್ಣಿನಲ್ಲಿ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ದೊರೆತರೆ, ಆಮ್ಲಜನಕವಿಲ್ಲದ ಮಣ್ಣಿನಲ್ಲಿ ದೊರೆಯುವುದು ಎರಡೇ. ನೀರಿನಲ್ಲಿ ಆಮ್ಲಜನಕ ಪಸರಿಸುವ ವೇಗವು ಗಾಳಿಯಲ್ಲಿರುವುದರ ಸುಮಾರು ಹತ್ತು ಸಾವಿರದ ಒಂದಂಶ ಮಾತ್ರ. ಬುಡದಲ್ಲಿ ನೀರು ನಿಂತ ಬೇರು ತನ್ನ ಸಾಮಾನ್ಯ ಪ್ರೋಟೀನು ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿ, ಆಲ್ಕೋಹಾಲ್ ಡಿಹೈಡ್ರೋಜಿನೇಸ್‌ನಂಥ ಕೆಲವೇ ಕಿಣ್ವಗಳ ಮೇಲೆ ಜೀವ ಹಿಡಿದುಕೊಳ್ಳುತ್ತದೆ. ಬರಿದಾದ ಬೊಕ್ಕಸದಿಂದ ಸೈನ್ಯ ಕಟ್ಟಲಾಗದು. ಸಾಲದ್ದಕ್ಕೆ ಇಂಥ ಬೇರಿನಿಂದ ಸೋರುವ ಎಥನಾಲ್, ಫೈಟಾಪ್ತೊರಾ ಕುಲದ ಕೆಲವು ಪ್ರಭೇದಗಳ ಈಜುವ ಬೀಜಾಣುಗಳನ್ನು ತನ್ನತ್ತ ಸೆಳೆಯುತ್ತದೆ. ಬಸಿಗಾಲುವೆ ತೆಗೆಯುವುದನ್ನು ಕೂಲಿಯ ಲೆಕ್ಕದಲ್ಲಿ ಮುಂದೂಡಿ, ದುಬಾರಿ ಔಷಧಿಯನ್ನು ಮಾತ್ರ ತಪ್ಪದೆ ತರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಔಷಧಿಯ ಕಾಲವೂ ಇದೇ ತರ್ಕದಿಂದ ನಿರ್ಧಾರವಾಗಬೇಕು. ಶೇ 0.3ರ ಪೊಟ್ಯಾಸಿಯಂ ಫಾಸ್ಫೊನೇಟ್ ರೋಗಾಣುವಿನ ಬೆಳವಣಿಗೆಯನ್ನು ನೇರವಾಗಿ ತಡೆಯುವುದಲ್ಲದೆ ಗಿಡದ ರಕ್ಷಣಾ ಪ್ರತಿಕ್ರಿಯೆಯನ್ನೂ ಚುರುಕುಗೊಳಿಸುತ್ತದೆ, ಮತ್ತು ಎಲೆಗೆ ಸಿಂಪಡಿಸಿದರೂ ಕೆಳಗಿಳಿದು ಬೇರನ್ನು ಸೇರುತ್ತದೆ. ಆದ್ದರಿಂದ ಅದನ್ನು ಮುಂಗಾರು ಆರಂಭವಾಗುವ ಹೊತ್ತಿಗೆ, ಬಳ್ಳಿಯಲ್ಲಿ ಚಿಗುರು ಮತ್ತು ಶಕ್ತಿ ಇರುವಾಗಲೇ ಕೊಡಬೇಕು. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಸಹ ಬೇರಿನಲ್ಲಿ ನೆಲೆಯೂರಿ ಇದೇ ಬಗೆಯ ಎಚ್ಚರವನ್ನು ಮೂಡಿಸುತ್ತದೆ. ಮೈಲುತುತ್ತದ ದ್ರಾವಣವನ್ನು ಬುಡಕ್ಕೆ ಸುರಿದ ಬೆನ್ನಿಗೇ ಅದನ್ನು ಹಾಕಿದರೆ ಮಾತ್ರ ವ್ಯರ್ಥ.

ಶುಂಠಿಯ ಬ್ಯಾಕ್ಟೀರಿಯಾ ಬಾಡು ರೋಗದ ಕಥೆ ಬೇರೆ. ಅದಕ್ಕೆ ಕಾರಣವಾದ ರಾಲ್ಸ್ಟೋನಿಯಾದ ಕಶಾಂಗದ ಪ್ರೋಟೀನು ಹೆಚ್ಚಿನ ಸಸ್ಯಗಳ ಗ್ರಾಹಕಕ್ಕೆ ಸಿಕ್ಕದಷ್ಟು ಮಾರ್ಪಟ್ಟಿದೆ. ಶುಂಠಿ ಬೀಜ ಕಟ್ಟದ ಬೆಳೆಯಾದ್ದರಿಂದ ಸಂಕರಣದ ದಾರಿಯೂ ಮುಚ್ಚಿದೆ. ರೋಗವಿಲ್ಲದ ಬಿತ್ತನೆ ಗೆಡ್ಡೆ ಮತ್ತು ಹೊಸ ಜಾಗವೇ ಸದ್ಯದ ಗತಿ.

ಮೆಣಸಿಗೆ ಇನ್ನೊಂದು ದಾರಿಯಿದೆ. ದಕ್ಷಿಣ ಅಮೆರಿಕ ಮೂಲದ ಪೈಪರ್ ಕೊಲುಬ್ರಿನಮ್ ಎಂಬ ಕಾಡು ಜಾತಿ ಫೈಟಾಪ್ತೊರಾಕ್ಕೆ ಮಣಿಯುವುದಿಲ್ಲ. ಅದರ ಗ್ಲೂಕನೇಸ್ ಮತ್ತು ಆಸ್ಮೋಟಿನ್ ವಂಶವಾಹಿಗಳು ಸಂಶೋಧಕರ ಗಮನ ಸೆಳೆದಿರುವುದು ಈ ಕಾರಣಕ್ಕೇ. ಹಿಪ್ಪಲಿ ಕಸಿ ಎಂದು ನಮ್ಮಲ್ಲಿ ಮಾರಾಟವಾಗುವ ಸಸಿಗಳ ಬೇರು ಈ ಜಾತಿಯದು. ಅದು ಜೌಗಿನ ಗಿಡವಾದ್ದರಿಂದ ಬೇಸಿಗೆಯಲ್ಲಿ ನೀರು ಕೊಡಲೇಬೇಕು. ಕೆಲವು ವರ್ಷಗಳ ನಂತರ ಕಸಿಯ ಗಂಟಿನಲ್ಲಿ ಹೊಂದಾಣಿಕೆ ತಪ್ಪುವುದೂ ಉಂಟು. ಹಳ್ಳದ ಅಂಚಿನ ತಗ್ಗು ಜಾಗಕ್ಕೆ ಅದನ್ನು ಧಾರಾಳವಾಗಿ ನೆಡಬಹುದು, ಆದರೆ ನೀರಾವರಿಯಿಲ್ಲದ ಇಳಿಜಾರಿನ ಒಣ ಪಟ್ಟಿಗೆ ನಾನು ಶಿಫಾರಸು ಮಾಡುವುದಿಲ್ಲ.