ಕರ್ಪೂರ ಮುಟ್ಟಿಸಿದರೆ ಏಟು ನಿಲ್ಲುವುದಿಲ್ಲ

ಗಂಡನ ಕೈಯಲ್ಲಿ ಏಟು ತಿಂದ ಹೆಂಗಸು ನೇರವಾಗಿ ಠಾಣೆಗೆ ಹೋಗುವುದು ಅಪರೂಪ. ವಕೀಲರ ಕಚೇರಿಗೆ ಬರುವುದಂತೂ ಬೇರೆಲ್ಲ ಬಾಗಿಲು ತಟ್ಟಿ ಆದ ಮೇಲೆ. ನಾನು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಡಿವಿ ಕೇಸು, ಅಂದರೆ ಕೌಟುಂಬಿಕ ಹಿಂಸೆಯ ಕೇಸು ನಡೆಸುತ್ತೇನೆ. ‘ಇದಕ್ಕೆ ಮುಂಚೆ ಯಾರಿಗಾದ್ರೂ ಹೇಳಿದ್ರಾ’ ಅಂತ ಕೇಳಿದಾಗ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಮೊದಲು ಅಮ್ಮನಿಗೆ, ಆಮೇಲೆ ದೇವರಿಗೆ. ದೇವರಿಗೆ ಅಂದರೆ ದೇವಸ್ಥಾನದ ಭಟ್ಟರಿಗೆ, ಮಠದ ಸ್ವಾಮಿಗಳಿಗೆ, ಚರ್ಚಿನ ಫಾದರಿಗೆ, ಮಸೀದಿ ಕಮಿಟಿಯವರಿಗೆ. ಅಷ್ಟು ಧೈರ್ಯ ಇಲ್ಲದಿದ್ದರೆ ಭಜನೆಯಲ್ಲೋ ಪ್ರಾರ್ಥನಾ ಕೂಟದಲ್ಲೋ ಪಕ್ಕದಲ್ಲಿ ಕೂರುವ ಗೆಳತಿಗೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅದೇ ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಸಹಾಯ ಕೇಳಿದವರು ಶೇ 14 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ನುಂಗಿಕೊಂಡಿದ್ದಾರೆ. ಹಾಗಾಗಿ ಒಬ್ಬಳು ಬಾಯಿ ಬಿಟ್ಟಳು ಅಂದರೆ, ಆ ಮೊದಲ ಜಾಗದಲ್ಲಿ ಸಿಗುವ ಮಾತು ಅವಳ ಮುಂದಿನ ವರ್ಷಗಳನ್ನೇ ತೀರ್ಮಾನಿಸಬಹುದು.

ಬಹಳ ಕಡೆ ನಡೆಯುವುದು ಹೀಗೆ. ಇಬ್ಬರನ್ನೂ ಕರೆಸುತ್ತಾರೆ. ಎರಡೂ ಕಡೆಯ ಹಿರಿಯರು ಬರುತ್ತಾರೆ. ಅವಳು ಅಳುತ್ತಾ ಹೇಳುತ್ತಾಳೆ. ಅವನೂ ಹೇಳುತ್ತಾನೆ: ಫೋನ್ ಜಾಸ್ತಿ ನೋಡ್ತಾಳೆ, ನಮ್ಮಮ್ಮನಿಗೆ ಎದುರು ಮಾತಾಡ್ತಾಳೆ, ಹೊತ್ತಿಗೆ ಸರಿಯಾಗಿ ಅಡುಗೆ ಆಗಲ್ಲ. ಅಲ್ಲಿಗೆ ಮಾತು ಏಟಿನಿಂದ ಜಾರಿ ಅಡುಗೆಮನೆಗೆ ಬಂದು ನಿಲ್ಲುತ್ತದೆ. ‘ನೀನೂ ಸ್ವಲ್ಪ ಹೊಂದಿಕೊಂಡು ಹೋಗಮ್ಮ, ನೀನೂ ಇನ್ಮೇಲೆ ಕೈ ಎತ್ತಬೇಡಪ್ಪ’ ಅಂತ ಇಬ್ಬರಿಗೂ ಸಮಸಮ ಬುದ್ಧಿ ಹೇಳುತ್ತಾರೆ. ಉರಿಯುವ ಕರ್ಪೂರ ಮುಟ್ಟಿಸಿ ಅವನಿಂದ ಆಣೆ ಮಾಡಿಸುತ್ತಾರೆ. ಕೆಲವು ಕಡೆ ಬೈಬಲ್ ಮೇಲೆ ಕೈ ಇಡಿಸುತ್ತಾರೆ. ಸಂಜೆ ಅವಳು ಅವನ ಬೈಕಿನ ಹಿಂದೆ ಕೂತು ಅದೇ ಮನೆಗೆ ಹೋಗಬೇಕು. ಎಲ್ಲರೆದುರು ಮರ್ಯಾದೆ ತೆಗೆದಳು ಅನ್ನುವ ಸಿಟ್ಟು ಅವನ ಜೊತೆಗೇ ಮನೆಗೆ ಹೋಗುತ್ತದೆ.

ಕೂರಿಸಿದವರ ಮನಸ್ಸು ಒಳ್ಳೆಯದೇ ಇರುತ್ತದೆ. ಮನೆ ಒಡೆಯಬಾರದು ಅಂತಲೇ ಅವರು ಇಷ್ಟು ಕಷ್ಟಪಡುವುದು. ಆದರೆ ಆ ಆಣೆ ಮುರಿದಾಗ ಕೇಳುವವರು ಯಾರು? ದೇವರು ನೋಡಿಕೊಳ್ಳುತ್ತಾನೆ ಅಂತ ಬಿಟ್ಟರೆ, ಅಷ್ಟರಲ್ಲಿ ಅವಳ ಕೈ ಮುರಿದಿರುತ್ತದೆ. ಮತ್ತೆ ಹೋಗಿ ಹೇಳಲು ಅವಳಿಗೇ ನಾಚಿಕೆ. ಆದರೆ ಮ್ಯಾಜಿಸ್ಟ್ರೇಟರು ಕೊಟ್ಟ ರಕ್ಷಣಾ ಆದೇಶವನ್ನು ಅವನು ಮುರಿದರೆ, ಕೌಟುಂಬಿಕ ಹಿಂಸೆ ಕಾಯ್ದೆಯ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದೇಶ ಮುರಿದ ಅನ್ನುವುದಕ್ಕೆ ಅವಳೊಬ್ಬಳ ಸಾಕ್ಷಿಯ ಮೇಲೂ ಕೋರ್ಟು ತೀರ್ಮಾನಕ್ಕೆ ಬರಬಹುದು.

ಈ ಕಾಯ್ದೆ 2005ರದ್ದು. ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ಕ್ಕೆ. ಅದರ ಜೊತೆ ಬಂದ 2006ರ ನಿಯಮಗಳಲ್ಲಿ ಒಂದು ಮಾತಿದೆ. ಮ್ಯಾಜಿಸ್ಟ್ರೇಟರು ದಂಪತಿಯನ್ನು ಆಪ್ತಸಮಾಲೋಚನೆಗೆ ಕಳಿಸಿದಾಗ, ಹೊಡೆದವನು ‘ಅವಳು ಹೀಗೆ ಮಾಡಿದ್ದಕ್ಕೆ ಹೊಡೆದೆ’ ಅಂತ ಸಮರ್ಥನೆ ಕೊಡುವ ಹಾಗಿಲ್ಲ. ಆ ಸಮರ್ಥನೆಗೆ ಇಲ್ಲಿ ಜಾಗ ಇಲ್ಲ ಅಂತ ಶುರುವಿಗೆ ಮುಂಚೆಯೇ ಅವನಿಗೆ ತಿಳಿಸಬೇಕು. ಧರ್ಮಗುರುಗಳ ಜೊತೆ ಮಾತಾಡುವಾಗಲೆಲ್ಲ ನಾನು ಕೇಳಿಕೊಳ್ಳುವುದು ಇದನ್ನೇ. ಬೇರೇನೂ ಆಗದಿದ್ದರೆ ಈ ಒಂದು ನಿಯಮವನ್ನು ನಿಮ್ಮ ಅಂಗಳಕ್ಕೆ ತನ್ನಿ. ಮತ್ತೆ, ಇಬ್ಬರನ್ನೂ ಒಟ್ಟಿಗೆ ಕೂರಿಸುವ ಮೊದಲು ಅವಳನ್ನು ಒಬ್ಬಳನ್ನೇ, ಒಬ್ಬ ಹೆಂಗಸಿನ ಜೊತೆ ಇರಿಸಿ, ಕೇಳಿ. ಒಟ್ಟಿಗೆ ಕೂರುವುದೇ ಬೇಡ ಅಂತ ಅವಳು ಹೇಳಿದರೆ ಕೂರಿಸಬೇಡಿ.

ಹಾಗಾದರೆ ದೇವಸ್ಥಾನ, ಚರ್ಚು, ಮಸೀದಿಗಳನ್ನು ಇದರಿಂದ ದೂರ ಇಡೋಣ ಅಂತಲಾ? ಖಂಡಿತ ಇಲ್ಲ. ತವರಿನವರು ಕೈಬಿಟ್ಟ ಎಷ್ಟೋ ಹೆಂಗಸರನ್ನು ಉಳಿಸಿದ್ದು ನಂಬಿಕೆಯ ಬಳಗವೇ. ಗಂಡ ಬೇರೆಲ್ಲ ಓಡಾಟ ನಿಲ್ಲಿಸಿದರೂ ಶುಕ್ರವಾರದ ದೇವಸ್ಥಾನ, ಭಾನುವಾರದ ಪೂಜೆ ನಿಲ್ಲಿಸಲು ಹಿಂಜರಿಯುತ್ತಾನೆ. ಅವಳಿಗೆ ಉಳಿದಿರುವ ಒಂದೇ ಹೊರಗಿನ ಜಾಗ ಅದು. ನನ್ನ ಮಾತು ಇಷ್ಟೇ: ಅಲ್ಲಿರುವ ಹೆಂಗಸರು ತೀರ್ಪು ಕೊಡುವ ಕೆಲಸಕ್ಕೆ ಹೋಗದೆ, ಸಾಕ್ಷಿಯಾಗಿ ನಿಲ್ಲಲಿ, ಜೊತೆಗೆ ಬರಲಿ.

ಅದು ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗಬಾರದು ಅಂತ ವಿವರ ಬದಲಿಸಿದ್ದೇನೆ. ಒಂದು ಊರಿನ ಭಜನಾ ಮಂಡಳಿ. ಕಾರ್ತಿಕ ಮಾಸದ ದೀಪಕ್ಕೆ ಹೆಂಗಸರೆಲ್ಲ ಕೂತು ಹೂಬತ್ತಿ ಮಾಡುತ್ತಿದ್ದರು. ಅದರಲ್ಲೊಬ್ಬಳಿಗೆ ಹತ್ತಿ ಹೊಸೆಯಲು ಆಗುತ್ತಿಲ್ಲ, ಬಲಗೈ ಬೆರಳು ಊದಿಕೊಂಡಿದೆ. ಯಾರೂ ಜೋರಾಗಿ ಕೇಳಲಿಲ್ಲ. ಪಕ್ಕದಲ್ಲಿದ್ದ ವಯಸ್ಸಾದ ವಿಧವೆಯೊಬ್ಬರು ಅವಳ ಪಾಲಿನ ಹತ್ತಿಯನ್ನು ತಮ್ಮ ಕಡೆ ಎಳೆದುಕೊಂಡು, ‘ನನ್ನವರೂ ಹೀಗೇ ತಿರುಚುತ್ತಿದ್ದರು, ಇದೇ ಕೈ’ ಅಂದರು. ಅಷ್ಟೇ. ಅವಳು ಎಲ್ಲವನ್ನೂ ಹೇಳಿದ್ದು ಎರಡು ವಾರ ಬಿಟ್ಟು.

ಆ ಅಮ್ಮ ಮಾಡಿದ ಇನ್ನೊಂದು ಕೆಲಸ ಕೋರ್ಟಿನಲ್ಲಿ ನಮಗೆ ಬಹಳ ಉಪಯೋಗಕ್ಕೆ ಬಂತು. ಮಂಡಳಿಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಖು ಹಾಕಿ ಒಂದೊಂದು ಸಾಲು ಬರೆದಿಡುತ್ತಿದ್ದರು. ಇವತ್ತು ಎಡಗಣ್ಣಿನ ಕೆಳಗೆ ನೀಲಿ. ಇವತ್ತು ಬರಲಿಲ್ಲ, ಫೋನ್ ಅತ್ತೆ ತೆಗೆದರು. ಇವತ್ತು ತಾಲ್ಲೂಕು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ, ಹುಬ್ಬಿಗೆ ಹೊಲಿಗೆ. ಬೇರೆ ಯಾವ ವಿಶೇಷಣವೂ ಇಲ್ಲ. ಪಾಟೀಸವಾಲಿನಲ್ಲಿ ಎದುರು ವಕೀಲರು ‘ಇವೆಲ್ಲ ಕೇಸಿಗೋಸ್ಕರ ಈಗ ಬರೆದಿದ್ದು’ ಅಂದಾಗ, ಮುಂದಿನ ಹಾಳೆಗಳಲ್ಲಿ ಅದೇ ದಿನಗಳ ಹಾಜರಿ ಇತ್ತು, ಅದೇ ಪೆನ್ನಿನ ಶಾಯಿಯಲ್ಲಿ.

ಆಸ್ಪತ್ರೆಯ ವಿಷಯ ಬಂದಿದ್ದಕ್ಕೆ ಒಂದು ಮಾತು. ‘ಮೆಟ್ಟಿಲಿಂದ ಬಿದ್ದೆ’ ಅಂತ ಬರೆಸುವುದು ನಮ್ಮ ಹೆಂಗಸರ ಅಭ್ಯಾಸ. ಜೊತೆಗೆ ಹೋದವರು ಡಾಕ್ಟರ ಮುಂದೆ ನಿಜ ಹೇಳುವ ಧೈರ್ಯ ಕೊಡಬೇಕು. ಹೊರರೋಗಿ ಚೀಟಿಯನ್ನೂ ಗಾಯದ ಫೋಟೊವನ್ನೂ ಅವಳ ಮನೆಯಲ್ಲಿ ಇಡಬೇಡಿ. ಆಧಾರ್, ಮದುವೆ ಫೋಟೊ, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಇವನ್ನೂ ಗೆಳತಿಯ ಮನೆಯಲ್ಲಿ ಒಂದು ಕವರಿನಲ್ಲಿ ಇಟ್ಟಿರಿ. ಬಿಟ್ಟು ಹೊರಡುವ ದಿನ ಮತ್ತು ಅದರ ನಂತರದ ವಾರಗಳೇ ಅತಿ ಅಪಾಯದವು. ಆಗ ಬೀರುವಿನ ಬೀಗಕ್ಕೆ ಹುಡುಕಾಡುವ ಹಾಗಿರಬಾರದು.

ಸಹಾಯಕ್ಕೆ ಹೋದವರ ಮೇಲೆ ಕೇಸು ಬೀಳುತ್ತಾ ಅಂತ ಕೇಳುವವರು ಬಹಳ. ಕಾಯ್ದೆಯ 4ನೇ ಕಲಂ ಇದಕ್ಕೇ ಇರುವುದು. ಹಿಂಸೆ ನಡೆದಿದೆ, ನಡೆಯುತ್ತಿದೆ, ನಡೆಯಬಹುದು ಅಂತ ನಂಬಲು ಕಾರಣ ಇರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ಈ ಕಾಯ್ದೆಗಾಗಿ ಸರ್ಕಾರ ನೇಮಿಸಿದ ಅಧಿಕಾರಿಗೆ, ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಸಂರಕ್ಷಣಾಧಿಕಾರಿ ಯಾರು ಅಂತ ಗೊತ್ತಿಲ್ಲದಿದ್ದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿ. ಸಾಂತ್ವನ ಕೇಂದ್ರದವರೂ ಸಖಿ ಕೇಂದ್ರದವರೂ ದಾರಿ ತೋರಿಸುತ್ತಾರೆ. 181 ಮಹಿಳಾ ಸಹಾಯವಾಣಿ, ತಕ್ಷಣದ ಅಪಾಯಕ್ಕೆ 112. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ. ತವರಿಗೆ ಬಂದಿದ್ದರೆ ಅಲ್ಲಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಗಂಡನ ಊರಿಗೆ ಅಲೆಯಬೇಕಿಲ್ಲ. ಈ ಕಾಯ್ದೆ ಯಾವ ಧರ್ಮ ಅಂತ ಕೇಳುವುದೂ ಇಲ್ಲ.

ಅರ್ಜಿ ತಲುಪಿದ ಮೂರು ದಿನದಲ್ಲಿ ಮೊದಲ ದಿನಾಂಕ ಕೊಡಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ. ವಾಯಿದೆ ಮೇಲೆ ವಾಯಿದೆ. ಹೆಂಗಸರು ಕೇಸು ಬಿಟ್ಟು ಹೋಗುವುದು ಈ ಘಟ್ಟದಲ್ಲಿ. ಕೋರ್ಟಿನ ವರಾಂಡದಲ್ಲಿ ಅವನ ಕಡೆಯ ಹತ್ತು ಜನ ನಿಂತಿರುತ್ತಾರೆ, ಇವಳು ಒಬ್ಬಳೇ ಮಗುವನ್ನು ಎತ್ತಿಕೊಂಡು ಕೂತಿರುತ್ತಾಳೆ. ಪ್ರತಿ ವಾಯಿದೆಗೂ ಮಂಡಳಿಯ ಇಬ್ಬರು ಸರದಿಯಂತೆ ಬಂದು ಪಕ್ಕದಲ್ಲಿ ಕೂತರೆ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಕಾನೂನು ಓದಿರಬೇಕಿಲ್ಲ. ಒಂದು ಬಾಟಲಿ ನೀರು, ಮಗುವಿಗೆ ಬಿಸ್ಕತ್ತು, ಸಂಜೆವರೆಗೆ ಕೂರುವ ಸಹನೆ ಇದ್ದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ಇಂಥ ಬಳಗಗಳು ಬಹಳ ಎಚ್ಚರವಾಗಿರಬೇಕು. ‘ನಮ್ಮ ಇಂಥ ತಂಗಿ ಕಷ್ಟದಲ್ಲಿದ್ದಾಳೆ, ಎಲ್ಲರೂ ಪ್ರಾರ್ಥನೆ ಮಾಡಿ’ ಅಂತ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು. ಪ್ರೀತಿಯಿಂದಲೇ ಹಾಕುತ್ತಾರೆ. ಗುಂಪಿನಲ್ಲಿ ಅವನ ಅಕ್ಕ ಇರುತ್ತಾಳೆ, ಚಿಕ್ಕಮ್ಮ ಇರುತ್ತಾಳೆ. ಅರ್ಧ ಗಂಟೆಯಲ್ಲಿ ಸುದ್ದಿ ಅವನಿಗೆ ಮುಟ್ಟುತ್ತದೆ, ಅವಳು ಎಲ್ಲಿದ್ದಾಳೆ ಅನ್ನುವುದರ ಸಮೇತ. ಪ್ರಾರ್ಥನೆಗೆ ಹೆಸರು ಬೇಕಿಲ್ಲ, ಊರೂ ಬೇಕಿಲ್ಲ. ಅವಳ ಕಥೆಯನ್ನು ಯಾರಿಗೆ, ಎಷ್ಟು ಹೇಳಬೇಕು ಅನ್ನುವುದನ್ನು ಅವಳೇ ಹೇಳಲಿ. ಮುಂದೆ ವೇದಿಕೆಗೆ ಕರೆದು ‘ಸಾಕ್ಷಿ ಹೇಳಮ್ಮ’ ಅನ್ನುವುದೂ ಬೇಡ, ಅವಳಾಗಿ ಕೇಳಿಕೊಂಡರೆ ಹೊರತು.

ಇನ್ನು ಧರ್ಮದ ಮಾತು. ಸೀತೆ ಸಹಿಸಲಿಲ್ಲವೇ ಅಂತ ಹೇಳುವವರು ಸಿಗುತ್ತಾರೆ. ಎರಡನೇ ಸಲ ಪರೀಕ್ಷೆ ಕೊಡು ಅಂದಾಗ ಅದೇ ಸೀತೆ ಭೂಮಿಗೆ ಇಳಿದು ಹೋದಳು, ವಾಪಸ್ ಅರಮನೆಗೆ ಬರಲಿಲ್ಲ. ಅಕ್ಕಮಹಾದೇವಿಗೆ ಕೊಟ್ಟ ಮಾತನ್ನು ಕೌಶಿಕ ಮುರಿದಾಗ ಅವಳು ಹೊರಟೇ ಬಿಟ್ಟಳು ಅಂತ ನಮ್ಮ ಶರಣರ ಪರಂಪರೆ ಹೆಮ್ಮೆಯಿಂದ ಹೇಳಿಕೊಂಡು ಬಂದಿದೆ. ಮಂಗಳೂರು ಕಡೆಯ ಕಥೊಲಿಕ ಹೆಂಗಸರು ‘ಮದುವೆ ಅಂದ್ರೆ ಸಂಸ್ಕಾರ, ಬಿಡೋಕಾಗಲ್ಲ’ ಅನ್ನುತ್ತಾರೆ. ಅವರದೇ ಚರ್ಚಿನ ಕಾನೂನಿನ 1153ನೇ ಕಲಂ ನೋಡಿ. ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ದೊಡ್ಡ ಅಪಾಯ ಇದ್ದರೆ ಬೇರೆ ಇರುವುದು ನ್ಯಾಯವೇ. ತಡವಾದರೆ ಅಪಾಯ ಅನ್ನುವ ಹಾಗಿದ್ದರೆ ಬಿಷಪರ ಅಪ್ಪಣೆಗೂ ಕಾಯಬೇಕಿಲ್ಲ. ಇದನ್ನು ಫಾದರ್ ಬಾಯಿಂದ ಕೇಳಿದಾಗ ಒಬ್ಬ ಹೆಂಗಸಿಗೆ ಆಗುವ ನಿರಾಳವನ್ನು ನನ್ನಂಥ ಹತ್ತು ವಕೀಲರು ಸೇರಿದರೂ ಕೊಡಲಾಗದು. ದೇಶದ ಕಾನೂನಿನಲ್ಲೂ ದಾರಿ ಸುಲಭವಾಗಿದೆ. 2001ರ ತಿದ್ದುಪಡಿಗೆ ಮುಂಚೆ ಕ್ರೈಸ್ತ ಹೆಂಡತಿ ಬರೀ ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಕೇಳುವ ಹಾಗಿರಲಿಲ್ಲ. ಈಗ ಕೇಳಬಹುದು. ಮುಸ್ಲಿಂ ಹೆಂಗಸರಿಗೆ ಖುಲಾ, ಅಂದರೆ ಹೆಂಡತಿಯೇ ವಿಚ್ಛೇದನ ಕೇಳುವ ದಾರಿ ಇದೆ, 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲಿ ಕ್ರೌರ್ಯವೂ ಒಂದು ಕಾರಣ.

ಕ್ಷಮಿಸು ಅನ್ನುವ ಒತ್ತಡ ಎಲ್ಲ ಧರ್ಮಗಳಲ್ಲೂ ಇದೆ. ಕ್ಷಮೆ ಅವಳ ಮನಸ್ಸಿನ ವಿಷಯ, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಕ್ಷಮಿಸಿದ ಮೇಲೂ ರಕ್ಷಣಾ ಆದೇಶ ಇಟ್ಟುಕೊಳ್ಳಬಹುದು, ಜೀವನಾಂಶ ಕೇಳಬಹುದು, ತನ್ನ ಒಡವೆ ವಾಪಸ್ ಪಡೆಯಬಹುದು. ಕ್ಷಮಿಸಿದೆ ಅಂತ ಅರ್ಜಿ ವಾಪಸ್ ತೆಗೆಯಬೇಕು ಅಂತ ಯಾವ ದೇವರೂ ಕೇಳಿಲ್ಲ.

ನಂಬಿಕೆಯ ಬಳಗದ ಹೆಂಗಸರೇ ನೊಂದವಳ ಜೊತೆ ನಿಂತಿದ್ದಕ್ಕೆ ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ದೊಡ್ಡ ಉದಾಹರಣೆ ಇದೆ. ಅಲ್ಲಿ ಮದುವೆ ಜಗಳಗಳನ್ನು ತೀರ್ಮಾನಿಸುವ ಜಮಾತುಗಳಲ್ಲಿ, ಅಂದರೆ ಮಸೀದಿಯ ಪಂಚಾಯ್ತಿಗಳಲ್ಲಿ, ಬರೀ ಗಂಡಸರು. ಯಾರ ಬದುಕಿನ ಬಗ್ಗೆ ಮಾತೋ ಆ ಹೆಂಗಸಿಗೇ ಒಳಗೆ ಪ್ರವೇಶ ಇಲ್ಲ. ಶರೀಫಾ ಖಾನಂ ಮತ್ತು ಜೊತೆಗಾರ್ತಿಯರು 2000ದ ದಶಕದ ಮೊದಲ ವರ್ಷಗಳಲ್ಲಿ ಹೆಂಗಸರದೇ ಜಮಾತ್ ಕಟ್ಟಿದರು. ನೊಂದವಳ ಮಾತನ್ನು ಅವಳ ಬಾಯಿಂದಲೇ ಕೇಳುತ್ತಾರೆ, ಬೇಕಾದರೆ ಠಾಣೆಗೂ ಕೋರ್ಟಿಗೂ ಹೋಗುತ್ತಾರೆ. ತಮ್ಮ ನಂಬಿಕೆಯ ಒಳಗೇ ನಿಂತು, ದೇಶದ ಕಾನೂನನ್ನೂ ಕೈಯಲ್ಲಿ ಹಿಡಿದು ಮಾಡಿದ ಕೆಲಸ ಅದು. ನಮ್ಮ ಮಹಿಳಾ ಮಂಡಳಿಗಳಿಗೂ ದಾರಿ ಇದೆ. ಸಂಘವಾಗಿ ನೋಂದಣಿಯಾಗಿ ಹೆಂಗಸರ ಹಿತಕ್ಕೆ ಕೆಲಸ ಮಾಡುತ್ತಿರುವವರು ಕಾಯ್ದೆಯ 10ನೇ ಕಲಂ ಕೆಳಗೆ ಸೇವಾ ಸಂಸ್ಥೆಯಾಗಿ ಸರ್ಕಾರದಲ್ಲಿ ಹೆಸರು ಬರೆಸಬಹುದು. ಆಮೇಲೆ ಹಿಂಸೆಯ ವರದಿಯನ್ನು ಅವರೇ ನಿಗದಿತ ನಮೂನೆಯಲ್ಲಿ ದಾಖಲಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬಹುದು.

ಆದೇಶ ಸಿಕ್ಕ ಮೇಲೂ ಒಂದು ಸಮಸ್ಯೆ ಉಳಿಯುತ್ತದೆ. ಅವನೂ ಅದೇ ದೇವಸ್ಥಾನಕ್ಕೆ, ಅದೇ ಚರ್ಚಿಗೆ ಬರುತ್ತಾನೆ. ಕಂಬದ ಹತ್ತಿರ ನಿಂತು ನೋಡುತ್ತಾನೆ, ಮಗುವನ್ನು ಮಾತಾಡಿಸುವ ನೆಪದಲ್ಲಿ ಹತ್ತಿರ ಬರುತ್ತಾನೆ. ಆಡಳಿತದವರು ‘ದೇವರ ಮನೆಗೆ ಬರಬೇಡ ಅನ್ನೋಕಾಗುತ್ತಾ’ ಅನ್ನುತ್ತಾರೆ. ಕೊನೆಗೆ ಬರುವುದನ್ನು ನಿಲ್ಲಿಸುವವಳು ಅವಳೇ. ಬಳಗವೂ ಅಲ್ಲಿಗೆ ಕೈತಪ್ಪುತ್ತದೆ. ಇದನ್ನು ಮೊದಲೇ ತಡೆಯಬಹುದು. 18ನೇ ಕಲಂ ಪ್ರಕಾರ ಅವಳ ಕೆಲಸದ ಜಾಗಕ್ಕಷ್ಟೇ ಅಲ್ಲ, ಅವಳು ಪದೇಪದೇ ಹೋಗುವ ಬೇರೆ ಜಾಗಗಳಿಗೂ ಅವನು ಬರದಂತೆ ಮ್ಯಾಜಿಸ್ಟ್ರೇಟರು ತಡೆಯಬಹುದು. ಅರ್ಜಿ ಬರೆಸುವಾಗಲೇ ಆ ದೇವಸ್ಥಾನದ, ಚರ್ಚಿನ, ದರ್ಗಾದ ಹೆಸರನ್ನೂ ಅವಳು ಹೋಗುವ ವಾರ ಮತ್ತು ಹೊತ್ತನ್ನೂ ಬರೆಸಿ. ವಕೀಲರು ಮರೆತರೆ ನೀವು ನೆನಪಿಸಿ. ಆದೇಶದ ಒಂದು ಪ್ರತಿಯನ್ನು ಆಡಳಿತ ಮಂಡಳಿಯ ಕೈಗೂ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.