ಕೆನಡಾದ ನಗರಗಳು: ಸ್ಕೈಲೈನ್ ನೋಡುವಾಗ ಊರಿನ ಅಂಚನ್ನೂ ನೋಡಿ

ಈ ಅಧ್ಯಾಯಕ್ಕೆ ಕೂತವರು ಸಾಮಾನ್ಯವಾಗಿ ಮೊದಲು ಬಾಯಿಪಾಠ ಮಾಡುವುದು ಎತ್ತರಗಳನ್ನು. ಟೊರಾಂಟೊದ ಸಿಎನ್ ಟವರ್ 553 ಮೀಟರ್, ಎಡ್ಮಂಟನ್‌ನ ಸ್ಟ್ಯಾಂಟೆಕ್ ಟವರ್ 251 ಮೀಟರ್, ಕ್ಯಾಲ್ಗರಿಯ ಬೋ ಎಂಬ ಗೋಪುರ 236 ಮೀಟರ್. ಅಂಕಿಗಳು ಬೇಕು, ನಿಜ. ಆದರೆ ಅಷ್ಟರಿಂದಲೇ ಊರಿನ ಸ್ವಭಾವ ತಿಳಿಯುವುದಿಲ್ಲ. ಸ್ಕೈಲೈನನ್ನೂ (ದೂರದಿಂದ ಆಕಾಶದ ಎದುರು ಕಾಣುವ ಕಟ್ಟಡಗಳ ಸಾಲು) ಉಪನಗರಗಳನ್ನೂ ಎರಡು ಬೇರೆ ಪಾಠಗಳಾಗಿ ಓದಬೇಡಿ. ನಡುವೆ ಎಷ್ಟು ಎತ್ತರಕ್ಕೆ ಬೆಳೆಯಿತು, ಅಂಚಿನಲ್ಲಿ ಎಷ್ಟು ದೂರ ಹರಡಿತು ಎಂಬೆರಡನ್ನೂ ಬಹುಮಟ್ಟಿಗೆ ತೀರ್ಮಾನಿಸುವುದು ಒಂದೇ ಸಂಗತಿ: ‘ಇಲ್ಲಿ ಕಟ್ಟಕೂಡದು’ ಎಂದು ಆ ಊರು ಎಲ್ಲಿ ಹೇಳಿತು? ಪ್ರತಿ ನಗರದ ಮುಂದೆಯೂ ಈ ಪ್ರಶ್ನೆ ಇಟ್ಟುಕೊಂಡರೆ ಉಳಿದದ್ದು ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಅದಕ್ಕೂ ಮೊದಲು ಗಡಿಯ ವಿಷಯ. ‘ವ್ಯಾಂಕೂವರ್’ ಎಂದರೆ ಪಾಲಿಕೆಯೋ, ಸುತ್ತಲಿನ ಊರುಗಳೂ ಸೇರಿದ ಮಹಾನಗರ ಪ್ರದೇಶವೋ? 2021ರ ಜನಗಣತಿಯಲ್ಲಿ ವ್ಯಾಂಕೂವರ್ ಪಾಲಿಕೆಯ ಜನಸಂಖ್ಯೆ ಸುಮಾರು 6.6 ಲಕ್ಷ, ಮಹಾನಗರದ್ದು 26 ಲಕ್ಷ. ಅಂದರೆ ನಾಲ್ವರಲ್ಲಿ ಒಬ್ಬರು ಮಾತ್ರ ನಿಜವಾದ ಅರ್ಥದಲ್ಲಿ ವ್ಯಾಂಕೂವರಿನವರು. ಟೊರಾಂಟೊದಲ್ಲಿ 62 ಲಕ್ಷಕ್ಕೆ ಸುಮಾರು 28 ಲಕ್ಷ. ಕ್ಯಾಲ್ಗರಿಯಲ್ಲಿ ಮಾತ್ರ ಸುಮಾರು 14.8 ಲಕ್ಷಕ್ಕೆ 13 ಲಕ್ಷ ಪಾಲಿಕೆಯೊಳಗೇ ಇದ್ದಾರೆ, ಏಕೆಂದರೆ ಕ್ಯಾಲ್ಗರಿ ಅಕ್ಕಪಕ್ಕದ ಊರುಗಳನ್ನೂ ಹೊಲಗಳನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತಲೇ ಬೆಳೆಯಿತು. ಟೊರಾಂಟೊದಲ್ಲಿದ್ದೇವೆ ಎನ್ನುವ ನಮ್ಮ ಕನ್ನಡಿಗರಲ್ಲೂ ಎಷ್ಟೋ ಮಂದಿಯ ಮನೆ ಇರುವುದು ಮಿಸಿಸಾಗಾದಲ್ಲೋ ಬ್ರಾಂಪ್ಟನ್‌ನಲ್ಲೋ. ಇಷ್ಟು ಗಮನಿಸದೆ ಎರಡು ನಗರಗಳನ್ನು ಹೋಲಿಸಿದರೆ ಲೆಕ್ಕವೇ ತಪ್ಪುತ್ತದೆ.

ವ್ಯಾಂಕೂವರ್: ಬೆಟ್ಟಕ್ಕೆ ಬಿಟ್ಟ ದಾರಿ

ಈ ನಗರವನ್ನು ನಾನು ಬೇಕೆಂದೇ ಮೊದಲು ಇಟ್ಟಿದ್ದೇನೆ, ಏಕೆಂದರೆ ಇಲ್ಲಿ ‘ಕೂಡದು’ ಎಂಬ ಮಾತು ಕಣ್ಣಿಗೇ ಕಾಣುತ್ತದೆ. ಕ್ವೀನ್ ಎಲಿಜಬೆತ್ ಪಾರ್ಕಿನ ಗುಡ್ಡದ ಮೇಲೆ ನಿಂತು ಉತ್ತರಕ್ಕೆ ನೋಡುವುದಾಗಿ ಅಂದುಕೊಳ್ಳಿ. ಕೆಳಗೆ ಡೌನ್‌ಟೌನಿನ ಗೋಪುರಗಳ ಸಾಲು, ಅದರ ಬೆನ್ನಿಗೆ ನಾರ್ತ್ ಶೋರ್ ಬೆಟ್ಟಗಳು. ಬೆಟ್ಟದ ಸಾಲು ಕಾಣಲಿ ಎಂದೇ ನಗರಪಾಲಿಕೆ 1989ರಲ್ಲಿ ಕೆಲವು ನೋಟದ ಹಾದಿಗಳನ್ನು ಗುರುತಿಸಿತು. ನಿಂತ ಜಾಗದಿಂದ ಬೆಟ್ಟದವರೆಗೆ ಬೀಸಣಿಗೆಯಂತೆ ಅಗಲವಾಗುತ್ತಾ ಹೋಗುವ ಈ ಹಾದಿಗೆ ಅಡ್ಡವಾಗಿ ಯಾವ ಕಟ್ಟಡವೂ ತಲೆ ಎತ್ತುವಂತಿರಲಿಲ್ಲ. ಡೌನ್‌ಟೌನಿನ ಬಹುತೇಕ ಗೋಪುರಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಂತಂತೆ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. 2024ರಲ್ಲಿ ಮನೆಗಳ ಅಭಾವದ ಕಾರಣ ಕೊಟ್ಟು ಕೆಲವು ಹಾದಿಗಳ ನಿಯಮ ಸಡಿಲಿಸಿದರು. ಬಾಡಿಗೆ ಕಟ್ಟಲಾಗದವರ ಕಷ್ಟ ದೊಡ್ಡದು, ಒಪ್ಪುತ್ತೇನೆ. ಆದರೂ ಎಲ್ಲರಿಗೂ ಸೇರಿದ ನೋಟವನ್ನು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಸುಲಭವಲ್ಲ ಎಂಬುದು ನನ್ನ ಆತಂಕ.

ಎರಡನೆಯ ‘ಕೂಡದು’ ಹೆದ್ದಾರಿಗೆ. 1960ರ ದಶಕದ ಕೊನೆಯಲ್ಲಿ ಚೈನಾಟೌನ್ ಮತ್ತು ಸ್ಟ್ರಾತ್‌ಕೋನಾ ಕೇರಿಗಳನ್ನು ಸೀಳಿ ಫ್ರೀವೇ ತರುವ ಯೋಜನೆ ಇತ್ತು. ಅಲ್ಲಿನ ನಿವಾಸಿಗಳು ಎದ್ದು ನಿಂತು ತಡೆದರು. ಒಂದು ತುಂಡು ಮಾತ್ರ, ಅಂದರೆ ಜಾರ್ಜಿಯಾ ಮತ್ತು ಡನ್ಸ್‌ಮ್ಯೂರ್ ಮೇಲುರಸ್ತೆಗಳು, 1972ರ ಹೊತ್ತಿಗೆ ಎದ್ದವು. ಅದಕ್ಕೆ ಬಲಿಯಾದದ್ದು ಹೋಗನ್ಸ್ ಆ್ಯಲಿ ಎಂಬ ಕಪ್ಪು ಸಮುದಾಯದ ಕೇರಿ. ವ್ಯಾಂಕೂವರಿನ ಚೆಂದ ಹೇಳುವಾಗ ಈ ಸಾಲನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.

ಮೂರನೆಯದು ಹೊಲಕ್ಕೆ ಸಂಬಂಧಿಸಿದ್ದು. 1973ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಕೃಷಿಭೂಮಿಯನ್ನು ಕಾಯ್ದಿರಿಸುವ ಕಾನೂನು ತಂದಿತು. ಉತ್ತರಕ್ಕೆ ಬೆಟ್ಟ, ಪಶ್ಚಿಮಕ್ಕೆ ಸಮುದ್ರ, ದಕ್ಷಿಣಕ್ಕೆ ಅಮೆರಿಕದ ಗಡಿ. ಉಳಿದ ಸಮತಟ್ಟು ನೆಲದಲ್ಲೂ ಒಂದು ದೊಡ್ಡ ಪಾಲು ಹೊಲಗಳಿಗೆ ಮೀಸಲು. ಹಾಗಾಗಿ ಇಲ್ಲಿನ ಬೆಳವಣಿಗೆ ಮೇಲಕ್ಕೇ ಹೋಗಬೇಕಾಯಿತು. 1985ರ ಕೊನೆಯಲ್ಲಿ ಶುರುವಾದ ಸ್ಕೈಟ್ರೇನ್ ಎಂಬ ನಗರ ರೈಲಿನ ನಿಲ್ದಾಣಗಳ ಸುತ್ತ, ಬರ್ನಬಿಯ ಮೆಟ್ರೊಟೌನಿನಂಥ ಕಡೆ, ಗೋಪುರಗಳ ಗುಂಪುಗಳು ಎದ್ದವು. ದೂರದಿಂದ ನೋಡಿದರೆ ಗೋಪುರಗಳ ಒಂದು ಗುಂಪು, ಆಮೇಲೆ ತಗ್ಗು ಮನೆಗಳು, ಮತ್ತೆ ಇನ್ನೊಂದು ಗುಂಪು.

ಮಾಂಟ್ರಿಯಲ್: ಗಗನಚುಂಬಿಯಿಲ್ಲದ ಜನಸಾಂದ್ರತೆ

ಇಲ್ಲಿ ಮಿತಿ ಹಾಕಿದ್ದು ಊರ ನಡುವಿನ ಬೆಟ್ಟ. ಮೌಂಟ್ ರಾಯಲ್ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 233 ಮೀಟರ್, ಯಾವ ಕಟ್ಟಡವೂ ಅದನ್ನು ಮೀರಬಾರದು ಎಂಬುದು ನಿಯಮ. ಅದಕ್ಕೇ ಇಲ್ಲಿನ ಸ್ಕೈಲೈನ್ ಟೊರಾಂಟೊದಷ್ಟು ಅಬ್ಬರದ್ದಲ್ಲ. ಇನ್ನೊಂದು ಕಾರಣ ಚರಿತ್ರೆಯದು. 1962ರ ಪ್ಲಾಸ್ ವಿಲ್ ಮರಿ ಎಂಬ ಕಚೇರಿ ಗೋಪುರ, 1966ರ ಮೆಟ್ರೊ, 1967ರ ವಿಶ್ವಮೇಳದ ಕಾಲಕ್ಕೆ ಕೆನಡಾದ ಮೊದಲ ನಗರ ಮಾಂಟ್ರಿಯಲ್ಲೇ. 1970ರ ದಶಕದಲ್ಲಿ, ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ಪ್ರತ್ಯೇಕತೆಯ ರಾಜಕೀಯ, 1977ರ ಫ್ರೆಂಚ್ ಭಾಷಾ ಕಾನೂನು ಇವುಗಳ ನಡುವೆ ಹಲವು ಕಂಪನಿಗಳ ಕೇಂದ್ರ ಕಚೇರಿಗಳು ಟೊರಾಂಟೊಗೆ ಹೋದವು. ಹಣಕಾಸಿನ ವ್ಯವಹಾರ ಅದಕ್ಕೂ ಮೊದಲೇ ಆ ಕಡೆ ವಾಲತೊಡಗಿತ್ತು. ಭಾಷಾ ಕಾನೂನೊಂದೇ ಕಾರಣ ಎಂದು ಬರೆದರೆ ಅರ್ಧ ಸತ್ಯವಾಗುತ್ತದೆ.

ಆದರೆ ಈ ನಗರದಿಂದ ಕಲಿಯಬೇಕಾದ ದೊಡ್ಡ ಪಾಠ ಬೇರೆ. ಪ್ಲಾಟೊ ಎಂಬ ಭಾಗದ ಬೀದಿಗೆ ಬನ್ನಿ. ಒಂದಕ್ಕೊಂದು ಅಂಟಿಕೊಂಡ ಎರಡು, ಮೂರು ಅಂತಸ್ತಿನ ಮನೆಗಳು, ಪ್ರತಿ ಅಂತಸ್ತಿನಲ್ಲೂ ಬೇರೆ ಸಂಸಾರ. ಮಹಡಿಗೆ ಹತ್ತುವ ಮೆಟ್ಟಿಲು ಮನೆಯೊಳಗಿಲ್ಲ, ಹೊರಗಿದೆ: ತಿರುವುಳ್ಳ ಕಬ್ಬಿಣದ ಮೆಟ್ಟಿಲು, ನೇರ ಫುಟ್‌ಪಾತಿಗೆ ಇಳಿಯುತ್ತದೆ. ಮೆಟ್ಟಿಲನ್ನು ಹೊರಗೆ ಹಾಕಿದ್ದರಿಂದ ಒಳಗೆ ವಾಸಕ್ಕೆ ಜಾಗ ಉಳಿಯಿತು. ಚಳಿಗಾಲದಲ್ಲಿ ಆ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗುತ್ತದೆ, ಅದನ್ನು ಕೆರೆದು ತೆಗೆದೇ ಇಳಿಯಬೇಕು. ಜುಲೈ 1 ಬಂತೆಂದರೆ ಊರಿಗೆ ಊರೇ ಬಾಡಿಗೆ ಮನೆ ಬದಲಿಸುವ ದಿನ, ಸೋಫಾ, ಫ್ರಿಜ್ ಎಲ್ಲ ಇದೇ ತಿರುವು ಮೆಟ್ಟಿಲಲ್ಲಿ ಇಳಿಯಬೇಕು. ಒಂದೇ ಒಂದು ಗಗನಚುಂಬಿ ಇಲ್ಲದ ಈ ಬೀದಿಗಳು ಇಡೀ ಕೆನಡಾದಲ್ಲೇ ದಟ್ಟ ವಸತಿಯ ಪ್ರದೇಶಗಳ ಸಾಲಿನಲ್ಲಿವೆ. ಎತ್ತರ ಬೇರೆ, ಜನಸಾಂದ್ರತೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕ್ಯಾಲ್ಗರಿ: ಇದರ ತಿರುಗುಮುರುಗು

ಎತ್ತರವೂ ಇದೆ, ಹರವೂ ಇದೆ. ತೈಲ ಕಂಪನಿಗಳ ಕಚೇರಿಗಳು ಡೌನ್‌ಟೌನಿನಲ್ಲಿ ಒತ್ತೊತ್ತಾಗಿ ನಿಂತಿವೆ. ಕೊರೆಯುವ ಚಳಿಯಲ್ಲೂ ಕಟ್ಟಡದಿಂದ ಕಟ್ಟಡಕ್ಕೆ ಓಡಾಡಲು ನೆಲದಿಂದ ಸುಮಾರು 15 ಅಡಿ ಮೇಲೆ ಗಾಜಿನ ಸೇತುವೆಗಳಿವೆ, ಹಾಗಾಗಿಯೇ ಅದಕ್ಕೆ ‘ಪ್ಲಸ್ 15’ ಎಂದು ಹೆಸರು. ಸಂಜೆಯಾದರೆ ನೌಕರರು ಸಿ-ಟ್ರೇನ್ ಎಂಬ ನಗರ ರೈಲು ಹತ್ತಿಯೋ ಕಾರಿನಲ್ಲೋ ದೂರದ ಬಡಾವಣೆಗಳಿಗೆ ಹೊರಡುತ್ತಾರೆ. ಸುತ್ತಲೂ ಬಯಲು, ‘ಸಾಕು’ ಎನ್ನಲು ಸಮುದ್ರವಿಲ್ಲ. 2014ರಲ್ಲಿ ತೈಲದ ಬೆಲೆ ಕುಸಿದಾಗ ಕಚೇರಿಗಳು ಖಾಲಿ ಬಿದ್ದವು. ಖಾಲಿ ಕಚೇರಿಗಳನ್ನು ಮನೆಗಳಾಗಿ ಬದಲಿಸುವವರಿಗೆ ಪ್ರತಿ ಚದರ ಅಡಿಗೆ 75 ಡಾಲರ್ ನೆರವು ಕೊಡುವ ಯೋಜನೆಯನ್ನು ನಗರ 2021ರಲ್ಲಿ ತಂದಿತು. ನಡುವೆ ಜನ ವಾಸಿಸದೆ ಊರು ಉಸಿರಾಡುವುದಿಲ್ಲ ಎಂದು ಅದು ಒಪ್ಪಿಕೊಂಡದ್ದು ಹೀಗೆ.

ಒಟ್ಟಾವದ್ದು ಚಿಕ್ಕ ಟಿಪ್ಪಣಿ ಸಾಕು. ನಗರ ಯೋಜಕ ಗ್ರೆಬರ್ ಅವರ 1950ರ ಯೋಜನೆಯಂತೆ ಊರ ಸುತ್ತ ಗ್ರೀನ್ ಬೆಲ್ಟ್, ಅಂದರೆ ಕಟ್ಟಡಗಳಿಗೆ ಬಿಡದೆ ಕಾಯುವ ಹಸಿರು ಪಟ್ಟಿ ಮಾಡಿದರು. ಊರು ನಿಲ್ಲಲಿಲ್ಲ, ಪಟ್ಟಿಯನ್ನು ಹಾರಿ ಆಚೆ ಕನಾಟಾ, ಬಾರ್‌ಹೇವನ್ ಎಂದು ಬೆಳೆಯಿತು. ಹೊಲ ಉಳಿಯಿತು, ಜನರ ಓಡಾಟ ಉದ್ದವಾಯಿತು.

ಟೊರಾಂಟೊ: ಗೋಪುರ, ಪಕ್ಕದಲ್ಲೇ ಒಂಟಿಮನೆ

1971ರಲ್ಲಿ ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್ (ಮುಖ್ಯಮಂತ್ರಿ) ಬಿಲ್ ಡೇವಿಸ್, ಊರೊಳಗೆ ಬರಲಿದ್ದ ಸ್ಪಡೈನಾ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿಯನ್ನು ನಿಲ್ಲಿಸಿದರು. ಅದರಿಂದ ಹಳೆಯ ಬೀದಿಗಳು ಉಳಿದವು. 2005ರಲ್ಲಿ ಒಂಟಾರಿಯೊ ಸರ್ಕಾರ ಗ್ರೀನ್ ಬೆಲ್ಟ್ ಕಾನೂನು ತಂದಿತು. 2022ರಲ್ಲಿ ಅದರಿಂದ ಕೆಲವು ಜಮೀನು ತೆಗೆಯಲು ಹೋಗಿ, ಭಾರಿ ವಿರೋಧ ಬಂದು, ಮರುವರ್ಷ ಹಿಂದೆಗೆದರು. ಆದರೆ ಇಲ್ಲಿ ಹೆಚ್ಚು ಪರಿಣಾಮ ಬೀರಿದ ‘ಕೂಡದು’ ಊರೊಳಗಿನದೇ: ಎಷ್ಟೋ ದಶಕ ವಸತಿ ಪ್ರದೇಶದ ಬಹುಪಾಲು ಸೈಟುಗಳಲ್ಲಿ ಒಂದು ಸಂಸಾರದ ಒಂಟಿಮನೆಗಷ್ಟೇ ಅನುಮತಿ. ಹಾಗಾಗಿ ಬರುವ ಜನರೆಲ್ಲ ಸಬ್‌ವೇ ಹಾದಿಯ ಗೋಪುರಗಳಿಗೆ ಹೋಗಬೇಕು, ಇಲ್ಲವೇ ದೂರದ ಊರುಗಳಿಗೆ. ಯಂಗ್–ಎಗ್ಲಿಂಟನ್ ನಿಲ್ದಾಣದ ಬಳಿ 50 ಮಹಡಿಯ ಫ್ಲ್ಯಾಟುಗಳು, ನಾಲ್ಕು ಹೆಜ್ಜೆ ನಡೆದರೆ ಹುಲ್ಲುಹಾಸಿನ ಒಂಟಿಮನೆಗಳು. ಮಾಂಟ್ರಿಯಲ್ಲಿನ ಮೂರಂತಸ್ತಿನ ಮನೆಗಳ ಪದರ ಇಲ್ಲಿ ಬಹುಮಟ್ಟಿಗೆ ಕಾಣೆಯಾಗಿದೆ. 2023ರಲ್ಲಿ ಊರಿನ ಯಾವ ವಸತಿ ಸೈಟಿನಲ್ಲಾದರೂ ನಾಲ್ಕು ಮನೆಗಳವರೆಗೆ ಕಟ್ಟಲು ಬಿಟ್ಟರು. ತಡವಾದರೂ ಸರಿಯಾದ ಹೆಜ್ಜೆ.

ಪಕ್ಕದ ಮಿಸಿಸಾಗಾ 1974ರಲ್ಲಿ ನಗರವಾಯಿತು. ಅದರ ಕೇಂದ್ರ ಎನ್ನಿಸಿಕೊಂಡದ್ದು ಹಳೆಯ ಪೇಟೆಯಲ್ಲ, ಹೊಲದ ನಡುವೆ 1973ರಲ್ಲಿ ತೆರೆದ ಸ್ಕ್ವೇರ್ ಒನ್ ಮಾಲ್, ಅದರ ಸುತ್ತ ಸಮುದ್ರದಂಥ ಪಾರ್ಕಿಂಗ್ ಜಾಗ. ಅದರ ಹತ್ತಿರವೇ 2012ರಲ್ಲಿ ಸೊಂಟ ತಿರುಗಿಸಿದಂತೆ ಬಳುಕುವ ಜೋಡಿ ಗೋಪುರಗಳು ಪೂರ್ತಿಯಾದವು. ಈಗ ಆ ಪಾರ್ಕಿಂಗ್ ಜಾಗವನ್ನೇ ತುಂಡು ತುಂಡಾಗಿ ಅಗೆದು ಇನ್ನಷ್ಟು ಗೋಪುರಗಳನ್ನು ಎಬ್ಬಿಸುತ್ತಿದ್ದಾರೆ. ಉಪನಗರಕ್ಕೂ ತನ್ನದೇ ಸ್ಕೈಲೈನ್ ಬಂದಿದೆ, ಅದೂ ಕಾರು ನಿಲ್ಲಿಸುತ್ತಿದ್ದ ಡಾಂಬರಿನ ಮೇಲೆ.