ಮೊಬೈಲ್ ಪರದೆಗೂ ಅಡಿಕೆ ದೋಟಿಗೂ ಒಂದೇ ವಿಜ್ಞಾನ

ಮಂಗಳೂರು, ಸುರತ್ಕಲ್, ಮಣಿಪಾಲದಲ್ಲಿ ಡಿಗ್ರಿ ಮುಗಿಸುತ್ತಿರುವ ಮಕ್ಕಳು ಈಗೀಗ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಯುಎಕ್ಸ್ ಡಿಸೈನ್‌ನಲ್ಲಿ ಮಾಸ್ಟರ್ಸ್ ಮಾಡ್ಬೇಕು ಸರ್, ಯಾವ ಸಾಫ್ಟ್‌ವೇರ್ ಕಲೀಲಿ?" ಯುಎಕ್ಸ್ ಅಂದರೆ ಆ್ಯಪ್, ಉಪಕರಣಗಳನ್ನು ಬಳಸುವವರಿಗೆ ಸುಲಭವಾಗುವಂತೆ ರೂಪಿಸುವ ವಿದ್ಯೆ. ಸಾಫ್ಟ್‌ವೇರ್ ಕೆಲವೇ ತಿಂಗಳಲ್ಲಿ ಕೈಗೆ ಬರುತ್ತದೆ. ಎರಡು ವರ್ಷ ಕೂತು ಕಲಿಯಬೇಕಾದ ವಿಷಯ ಬೇರೆಯೇ ಇದೆ. ಮನುಷ್ಯನ ಕಣ್ಣು, ಕೈ, ಬೆನ್ನು, ನೆನಪು, ಗಮನ ಇವೆಲ್ಲ ಎಷ್ಟು ಮಾಡಬಲ್ಲವು, ಎಲ್ಲಿ ಸೋಲುತ್ತವೆ ಎಂಬುದು. ಯುಎಕ್ಸ್‌ಗೂ, ಕೆಲಸವನ್ನೂ ಉಪಕರಣವನ್ನೂ ಮನುಷ್ಯನಿಗೆ ಹೊಂದಿಸುವ ಎರ್ಗನಾಮಿಕ್ಸ್‌ಗೂ ಬೇರು ಅದೇ.

ಬಂಟ್ವಾಳ, ಪುತ್ತೂರು, ಕಾರ್ಕಳದ ಅಡಿಕೆ ತೋಟಗಳನ್ನೇ ನೋಡಿ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಮರ ಹತ್ತಿ ಗೊನೆ ಕೊಯ್ಯುವುದು, ಮಳೆಗಾಲದಲ್ಲಿ ಜಾರುವ ಮರದ ಮೇಲೆ ನಿಂತು ಮದ್ದು ಬಿಡುವುದು ಜೀವದ ಹಂಗು ತೊರೆದು ಮಾಡುವ ಕೆಲಸ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿ ಇರುವ ಉದ್ದನೆಯ ಕೋಲು ಬಂದಿದೆ. ನೆಲದಲ್ಲೇ ನಿಂತು ಕೊಯ್ಯಬಹುದು. ಬೀಳುವ ಭಯ ಹೋಯಿತು, ಅದು ದೊಡ್ಡ ಲಾಭ. ಆದರೆ ದೋಟಿ ಹಿಡಿದವರ ಹತ್ತಿರ ಸಂಜೆ ಮಾತಾಡಿಸಿ. ಕುತ್ತಿಗೆ, ಭುಜ ಅಂತ ಶುರು ಮಾಡುತ್ತಾರೆ.

ಯಾಕೆ ಹೀಗೆ? ತಲೆ ಹಿಂದಕ್ಕೆ ಬಾಗಿಸಿ ಗಂಟೆಗಟ್ಟಲೆ ಮೇಲೆ ನೋಡಬೇಕು. ಕೈ ಭುಜಕ್ಕಿಂತ ಎತ್ತರದಲ್ಲೇ ಇರಬೇಕು. ಅಲುಗಾಡದೆ ಬಿಗಿಹಿಡಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಅದು ಬೇಗ ಸೋಲುತ್ತದೆ. ದೋಟಿಯ ತೂಕ ಕಡಿಮೆ ಇದ್ದರೂ ಉದ್ದ ಜಾಸ್ತಿ. ತುದಿ ಸ್ವಲ್ಪ ವಾಲಿದರೂ ಕೈಗೆ ಬೀಳುವ ಹೊರೆ ಎಷ್ಟೋ ಪಟ್ಟು ಏರುತ್ತದೆ. ಅದರ ಮೇಲೆ, ದೂರದಲ್ಲಿರುವ ಗೊನೆಯ ಸಣ್ಣ ತೊಟ್ಟಿಗೆ ಕತ್ತಿ ಸಿಕ್ಕಿಸಬೇಕು.

ಇಲ್ಲಿಗೆ ಪಾಲ್ ಫಿಟ್ಸ್ ಬರುತ್ತಾರೆ. ಈ ಅಮೆರಿಕನ್ ಮನೋವಿಜ್ಞಾನಿ 1954ರಲ್ಲಿ ತೋರಿಸಿದ್ದು ಇಷ್ಟು: ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಕೈ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು, ಆ ಹೊತ್ತನ್ನು ಸೂತ್ರದಿಂದ ಲೆಕ್ಕ ಹಾಕಬಹುದು. ಮೊಬೈಲ್ ಆ್ಯಪ್‌ನಲ್ಲಿ ಬಟನ್ ಎಷ್ಟು ದೊಡ್ಡದಿರಬೇಕು, ಹೆಬ್ಬೆರಳಿಗೆ ಎಷ್ಟು ಹತ್ತಿರ ಇರಬೇಕು ಎಂದು ಇವತ್ತು ಯೋಚಿಸುವುದೂ ಇದೇ ಸೂತ್ರದ ಮೇಲೆ. ಬಾಗಿ ತೂಗಾಡುವ ದೋಟಿಯ ತುದಿಗೆ ಅದು ಎಷ್ಟು ಹೊಂದುತ್ತದೆ? ಅದೇ ಒಂದು ಒಳ್ಳೆಯ ಮಾಸ್ಟರ್ಸ್ ಪ್ರಬಂಧ ಆಗುತ್ತದೆ. ಯಾರಾದರೂ ಮಾಡಲಿ ಎಂದು ನನಗೆ ತುಂಬಾ ಆಸೆ.

ಈ ವಿದ್ಯೆ ಬೆಳೆದದ್ದೇ ಹೀಗೆ ಕೆಲಸದ ಜಾಗದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ (ಹಿಂಬದಿಯ ಮಡಚುವ ಪಟ್ಟಿ) ಮಡಚುವ ಬದಲು ಚಕ್ರವನ್ನೇ ಮಡಚಿಬಿಡುತ್ತಿದ್ದರು. ಮನೋವಿಜ್ಞಾನಿ ಆಲ್ಫಾನ್ಸ್ ಚಪಾನಿಸ್ ಕಾಕ್‌ಪಿಟ್ ನೋಡಿದರು. ಎರಡೂ ಹಿಡಿಗಳು ಒಂದೇ ಥರ ಇದ್ದವು, ಅಕ್ಕಪಕ್ಕದಲ್ಲೇ ಇದ್ದವು. ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಫ್ಲ್ಯಾಪ್ ಹಿಡಿಗೆ ಬೆಣೆಯಾಕಾರದ ತುಂಡನ್ನೂ ಕೂರಿಸಿದ್ದೇ ಪರಿಹಾರವಾಯಿತು. ಪೈಲಟ್‌ಗೆ ಬೈಯುವುದು ಬಿಟ್ಟು ಹಿಡಿಯನ್ನು ನೋಡುವ ಈ ಅಭ್ಯಾಸ ಬಂದರೆ ಅರ್ಧ ಕೋರ್ಸ್ ಮುಗಿದಂತೆ.

ಈಗ ಕೋರ್ಸ್ ವಿಚಾರ. ಐಐಟಿ ಬಾಂಬೆಯ ಡಿಸೈನ್ ಶಾಲೆ ಐಡಿಸಿ 1969ರಿಂದ ಇದೆ. ಐಐಟಿ ಗುವಾಹಟಿಯ ಡಿಸೈನ್ ವಿಭಾಗ ಎರ್ಗನಾಮಿಕ್ಸ್‌ನಲ್ಲಿ ಗಟ್ಟಿ. ನಮಗೆ ಹತ್ತಿರದ್ದು ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ). ಐಐಟಿಗಳ ಎಂ.ಡಿಸ್‌ಗೆ (ಡಿಸೈನ್ ಮಾಸ್ಟರ್ಸ್) ಸೀಡ್ (CEED) ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಜನವರಿಯಲ್ಲಿ ನಡೆಯುತ್ತದೆ, ವಯಸ್ಸಿನ ಮಿತಿ ಇಲ್ಲ, ಡಿಗ್ರಿ ಎಂಜಿನಿಯರಿಂಗೇ ಆಗಬೇಕೆಂದಿಲ್ಲ. ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಬೇರೆ ಪರೀಕ್ಷೆ. ಹೊರದೇಶಕ್ಕೆ ಹೋಗುವವರು ಒಂದನ್ನು ಗಮನಿಸಿ: ಹ್ಯೂಮನ್ ಫ್ಯಾಕ್ಟರ್ಸ್ (ಎರ್ಗನಾಮಿಕ್ಸ್‌ಗೆ ಇನ್ನೊಂದು ಹೆಸರು) ಕೋರ್ಸ್ ಒಂದು ಕಡೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದಲ್ಲಿರುತ್ತದೆ, ಇನ್ನೊಂದು ಕಡೆ ಸೈಕಾಲಜಿಯಲ್ಲಿ, ಮತ್ತೊಂದು ಕಡೆ ಡಿಸೈನ್‌ನಲ್ಲಿ. ಹೆಸರು ಒಂದೇ ಆದರೂ ಕಲಿಸುವುದು ಬೇರೆ. ಸಿಲೆಬಸ್ ತೆರೆದು ಮೂರು ವಿಷಯ ಹುಡುಕಿ: ಸಂಖ್ಯಾಶಾಸ್ತ್ರ, ದೇಹದ ಅಳತೆ, ಕ್ಷೇತ್ರಕ್ಕೆ ಹೋಗಿ ನೋಡುವ ಕೆಲಸ. ಮೂರರಲ್ಲಿ ಒಂದು ಇಲ್ಲದಿದ್ದರೂ ನಾನಂತೂ ಸೇರಿ ಎನ್ನುವುದಿಲ್ಲ.

ದೇಹದ ಅಳತೆ ಯಾಕೆ ಅಂತ ಮಂಗಳೂರಿನ ಸಿಟಿ ಬಸ್ಸಿನಲ್ಲಿ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದವರೆಗೆ ನಿಂತು ಹೋದರೆ ತಿಳಿಯುತ್ತದೆ. ಮೇಲಿನ ಕಂಬಿಯನ್ನು ಸರಾಸರಿ ಎತ್ತರಕ್ಕೆ ಇಟ್ಟರೆ ಗಿಡ್ಡ ಇರುವ ಹೆಂಗಸರ ಕೈಗೆ ಅದು ಎಟುಕುವುದೇ ಇಲ್ಲ. ಕೈ ಚಾಚುವ ವಸ್ತುವಿಗೆ ಚಿಕ್ಕವರ ಅಳತೆ, ತಲೆ ತಗುಲುವ ಬಾಗಿಲಿಗೆ ಎತ್ತರದವರ ಅಳತೆ ಹಿಡಿಯಬೇಕು. ಸರಾಸರಿ ಹಿಡಿದರೆ ಎರಡೂ ಕೆಡುತ್ತವೆ.

ಪೋರ್ಟ್‌ಫೋಲಿಯೊಗೆ ಯಾವುದೋ ಫುಡ್ ಡೆಲಿವರಿ ಆ್ಯಪ್‌ಗೆ ಹೊಸ ಬಣ್ಣ ಬಳಿಯುವ ಬದಲು ಒಂದು ಗೇರುಬೀಜ ಕಾರ್ಖಾನೆ, ಮಲ್ಪೆ ಬಂದರು, ಇಲ್ಲವೇ ಬೀಡಿ ಕಟ್ಟುವ ಮನೆಗೆ ಹೋಗಿ. ನೋಡಿ, ಅಳೆಯಿರಿ, ತುಳುವಿನಲ್ಲೇ ಕೇಳಿ. ಹೋಗುವ ಮೊದಲು ಒಪ್ಪಿಗೆ ಪಡೆಯಿರಿ. ಫೋಟೊದಲ್ಲಿ ಮುಖ ಮಸುಕು ಮಾಡಿ. ಬೀಡಿಗೆ ಲೆಕ್ಕದ ಮೇಲೆ ಕೂಲಿ. ನೀವು ಮಾತಾಡಿಸಿದ ಅರ್ಧ ಗಂಟೆ ಅವರ ಸಂಪಾದನೆಯಿಂದಲೇ ಹೋಗುತ್ತದೆ, ಹಾಗಾಗಿ ಆ ಹೊತ್ತಿನ ದುಡ್ಡನ್ನು ಕೊಟ್ಟೇ ಏಳಿ.